ಹನ್ನೆರಡನೇ ಪೆಟ್ಟಿಗೆ

ಕೈಗುಣ ಎಂಬುದೊಂದು ಇದೆ ಎಂದು ಅತ್ತೆ ಹೇಳಿದಾಗಲೆಲ್ಲ ಡಾಕ್ಟರ್ ಪ್ರಫುಲ್ಲಾ ಆಳ್ವ ಒಳಗೊಳಗೇ ನಗುತ್ತಿದ್ದಳು. ಆ ಕೈಗುಣವನ್ನು ಯಂತ್ರವೊಂದು ಅವಳ ಕಣ್ಣೆದುರೇ ಅಳೆದು ತೋರಿಸಿದ ದಿನ ಮಾತ್ರ ಅವಳಿಗೆ ನಗು ಬರಲಿಲ್ಲ. ಯಾಕೆಂದರೆ ಯಂತ್ರ ತೋರಿಸಿದ ಕೈ ಅವಳದಾಗಿರಲಿಲ್ಲ.

ಅತ್ತೆ ಜಲಜಮ್ಮನ ಪ್ರಕಾರ ಲೋಕದ ಹೆಂಗಸರಲ್ಲಿ ಎರಡೇ ಬಗೆ. ಉಪ್ಪಿನಕಾಯಿ ಹಾಕಿದರೆ ವರ್ಷಗಟ್ಟಲೆ ಉಳಿಯುವ ಕೈಯವರು ಒಂದು ಬಗೆ. ಮೂರೇ ತಿಂಗಳಿಗೆ ಬೂಸಲು ಹಿಡಿಸುವ ಕೈಯವರು ಇನ್ನೊಂದು. ಸೊಸೆ ಎರಡನೆಯ ಬಗೆಗೆ ಸೇರಿದವಳು ಎಂದು ಮದುವೆಯಾದ ಮೊದಲ ವರ್ಷವೇ ತೀರ್ಮಾನವಾಗಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಆ ತೀರ್ಮಾನದ ಮೇಲೆ ಮರುವಿಚಾರಣೆ ನಡೆದಿರಲಿಲ್ಲ. ಜಲಜಮ್ಮ ಬಯ್ಯುವವರಲ್ಲ. ಬೈದಿದ್ದರೆ ಪ್ರಫುಲ್ಲಾ ತಿರುಗಿ ಬೈದು ಹಗುರಾಗುತ್ತಿದ್ದಳು. ‘ಇರಲಿ ಬಿಡು, ಕೆಲವರ ಕೈಗೆ ಆ ಗುಣ ಇರುವುದಿಲ್ಲ’ ಎಂದು ಅವರು ಅನುಕಂಪದಿಂದ ಹೇಳುತ್ತಿದ್ದರು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ಸೊಸೆ, ಉಪ್ಪು ಕಡಿಮೆಯಾದರೆ ಯಾರ ಕೈಯಾದರೂ ಬೂಸಲು ಬರುತ್ತದೆ ಎಂದು ವಿವರಿಸಿದರೆ ಅವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆಯೇ ಇಪ್ಪತ್ತಾರು ವರ್ಷ ಅವಳ ಹೊಟ್ಟೆಯೊಳಗೆ ಕೂತಿತ್ತು.

ಗಂಡ ಶಶಿಧರ ಹಡಗಿನ ಇಂಜಿನಿಯರು. ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆ. ಹಾಗಾಗಿ ಬಿಜೈ ಬಡಾವಣೆಯ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇದ್ದವರು ಅತ್ತೆ, ಸೊಸೆ ಮತ್ತು ಅತ್ತೆಯ ಎಡಗಾಲು. ಕಾಲನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣ ಉಂಟು. ಎರಡು ವರ್ಷಗಳಿಂದ ಅದರ ರಕ್ತನಾಳಗಳು ಕಿರಿದಾಗುತ್ತಾ ಬಂದು, ಪಾದ ಸದಾ ತಣ್ಣಗಿರುತ್ತಿತ್ತು. ಬೆರಳ ತುದಿ ಕಪ್ಪಾಗತೊಡಗಿತ್ತು. ರಕ್ತ ಓಡಾಡದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿಯಾಗಿತ್ತು. ಮನೆಯ ಮಾತೆಲ್ಲ ಆ ಕಾಲಿನ ಸುತ್ತಲೇ ತಿರುಗುತ್ತಿತ್ತು.

ಪ್ರಫುಲ್ಲಾ ಕೆಲಸ ಮಾಡುತ್ತಿದ್ದದ್ದು ಬಂಟ್ವಾಳದ ದಾರಿಯ ಗುಡ್ಡವೊಂದರ ಮೇಲಿದ್ದ ಕೋಕೋ ಸಂಶೋಧನಾ ಕೇಂದ್ರದಲ್ಲಿ. ಚಾಕಲೇಟು ಹೃದಯಕ್ಕೆ ಒಳ್ಳೆಯದು, ರಕ್ತದೊತ್ತಡಕ್ಕೆ ಒಳ್ಳೆಯದು ಎಂದು ಪತ್ರಿಕೆಗಳು ಬರೆಯುತ್ತಲೇ ಇದ್ದವು. ಓದಿದವರು ಆರೋಗ್ಯದ ನೆಪದಲ್ಲಿ ಡಬ್ಬಿಗಟ್ಟಲೆ ತಿಂದು ಸಕ್ಕರೆ ಕಾಯಿಲೆ ತಂದುಕೊಳ್ಳುತ್ತಲೇ ಇದ್ದರು. ಪತ್ರಿಕೆಯ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೋಕೋ ಬೀಜದಲ್ಲಿ ಫ್ಲಾವನಾಲ್ ಎಂಬ ಕಹಿ ವಸ್ತು ಇದೆ. ಅದು ರಕ್ತಕ್ಕೆ ಸೇರಿದರೆ ರಕ್ತನಾಳದ ಗೋಡೆ ಸಡಿಲವಾಗಿ ನಾಳ ಹಿಗ್ಗುತ್ತದೆ. ಆದರೆ ಬೀಜವನ್ನು ಹುಳಿಸಿ, ಒಣಗಿಸಿ, ಹುರಿದು ಚಾಕಲೇಟು ಮಾಡುವಷ್ಟರಲ್ಲಿ ಅದರ ಬಹುಪಾಲು ಹಾಳಾಗುತ್ತದೆ. ಉಳಿದದ್ದರಲ್ಲಿ ಹೊಟ್ಟೆಯನ್ನು ದಾಟಿ ರಕ್ತ ಸೇರುವುದು ಅತ್ಯಲ್ಪ.

ಹಾಗಾದರೆ, ಬೀಜ ಹುಳಿಯುವ ಆರು ದಿನಗಳಲ್ಲೇ ಸೂಕ್ಷ್ಮಜೀವಿಗಳು ಆ ಕಹಿಯನ್ನು ಬೆಂಕಿಗೆ ಹೆದರದ, ಹೊಟ್ಟೆಯಲ್ಲಿ ಕರಗಿಹೋಗದ ರೂಪಕ್ಕೆ ತಂದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಪ್ರಫುಲ್ಲಾ ಹನ್ನೊಂದು ವರ್ಷ ಕಳೆದಿದ್ದಳು. ಕೊನೆಗೆ ಗಾಜಿನ ತಟ್ಟೆಗಳಲ್ಲಿ ಸಾಕಿ ಸಾಕಿ ಒಂದು ತಳಿ ಬೆಳೆಸಿದಳು. ಅದಕ್ಕೆ ‘ಪಿ-ಒಂಬತ್ತು’ ಎಂದು ಹೆಸರು. ‘ಪಿ’ ಅಂದರೆ ಏನು ಎಂದು ಯಾರಾದರೂ ಕೇಳಿದರೆ ‘ಪ್ರಾಜೆಕ್ಟ್’ ಎನ್ನುತ್ತಿದ್ದಳು. ಯಾರೂ ನಂಬುತ್ತಿರಲಿಲ್ಲ.

ಕೇಂದ್ರದ ಹಿಂಬದಿಯ ಶೆಡ್ಡಿನಲ್ಲಿ ಇಪ್ಪತ್ತು ಮರದ ಪೆಟ್ಟಿಗೆಗಳಿದ್ದವು. ಕೋಕೋ ಕಾಯಿ ಒಡೆದು ಬಿಳಿ ತಿರುಳು ಮೆತ್ತಿದ ಬೀಜವನ್ನು ಅವುಗಳಿಗೆ ತುಂಬಿ, ಮೇಲೆ ಬಾಳೆಲೆ ಮುಚ್ಚುತ್ತಾರೆ. ಎರಡು ದಿನಕ್ಕೊಮ್ಮೆ ಮಗುಚಬೇಕು. ಮಗುಚುವ ಹೆಂಗಸರು ಮೊಣಕೈವರೆಗೆ ಬರಿಗೈ ಹಾಕಿ, ಬಿಸಿ ನೋಡಿ, ಅಡಿಯದ್ದನ್ನು ಮೇಲಕ್ಕೆ ತರುತ್ತಾರೆ. ಒಬ್ಬಳ ಪೆಟ್ಟಿಗೆಗೆ ಇನ್ನೊಬ್ಬಳು ಕೈ ಹಾಕುವ ಹಾಗಿಲ್ಲ. ಹಾಕಿದರೆ ಬೀಜ ಮುನಿಸಿಕೊಳ್ಳುತ್ತದೆ ಎಂದು ಅವರ ನಂಬಿಕೆ. ನಿರುಪದ್ರವಿ ಮೂಢನಂಬಿಕೆ ಎಂದು ಪ್ರಫುಲ್ಲಾ ಸುಮ್ಮನಿದ್ದಳು. ಒಂದನೇ ಪೆಟ್ಟಿಗೆ ಮಾತ್ರ ಅವಳದು. ಅದಕ್ಕೆ ಪಿ-ಒಂಬತ್ತನ್ನು ಬೆರೆಸಿ, ಕುದಿಸಿ ಶುದ್ಧಮಾಡಿದ ಸ್ಟೀಲ್ ಸಟ್ಟುಗದಲ್ಲಿ ತಾನೇ ಮಗುಚುತ್ತಿದ್ದಳು. ಮಿಕ್ಕ ಹತ್ತೊಂಬತ್ತು ಪೆಟ್ಟಿಗೆಗಳು ಹೋಲಿಕೆಗಾಗಿ.

ಕಾಲಿನ ನಾಳ ಕಿರಿದಾದ ನಲವತ್ತು ಮಂದಿ ಪ್ರಯೋಗಕ್ಕೆ ಒಪ್ಪಿದರು. ಪೆಟ್ಟಿಗೆಗೆ ಇಬ್ಬರಂತೆ ಹಂಚಿಕೆ. ಯಾರಿಗೆ ಯಾವ ಪೆಟ್ಟಿಗೆಯ ಚಾಕಲೇಟು ಎಂಬುದು ಕಂಪ್ಯೂಟರಿಗೆ ಮಾತ್ರ ಗೊತ್ತು. ಡಾಕ್ಟರರ ಒತ್ತಾಯದಿಂದ ಜಲಜಮ್ಮನೂ ಸೇರಿದರು. ದಿನಕ್ಕೆ ಎರಡು ತುಂಡು, ಸಕ್ಕರೆಯಿಲ್ಲದ್ದು. ಮೊದಲ ತುಂಡು ಬಾಯಿಗೆ ಹಾಕಿಕೊಂಡು ಅವರು, ಕಷಾಯವನ್ನು ಗಟ್ಟಿ ಮಾಡಿದ ಹಾಗೆ ಉಂಟು ಎಂದರು. ಎಲ್ಲರ ಕಾಲಿಗೂ ತೆಳ್ಳನೆಯ ಕಾಲುಚೀಲ ತೊಡಿಸಿದ್ದರು. ನೂಲಿನ ನಡುವೆ ಹೆಣೆದ ತಂತುಗಳು ಪಾದದ ರಕ್ತದ ಓಟವನ್ನು ಅಳೆದು ಕೇಂದ್ರದ ನಿಯಂತ್ರಣ ಕೊಠಡಿಗೆ ಕಳಿಸುತ್ತಿದ್ದವು. ಅಲ್ಲಿನ ಗೋಡೆಯ ತುಂಬ ನಲವತ್ತು ಜೊತೆ ಪಾದಗಳ ಚಿತ್ರ. ರಕ್ತ ಕಡಿಮೆಯಿದ್ದರೆ ನೀಲಿ, ಚೆನ್ನಾಗಿದ್ದರೆ ಕಿತ್ತಳೆ. ಮೊದಲ ದಿನ ಗೋಡೆಯಿಡೀ ನೀಲಿಯಾಗಿತ್ತು.

ಹತ್ತನೇ ವಾರದ ಒಂದು ಬೆಳಿಗ್ಗೆ ಗೋಡೆಯ ಮೇಲೆ ಎರಡು ಜೊತೆ ಪಾದಗಳು ಕಿತ್ತಳೆಯಾಗಿ ಹೊಳೆಯುತ್ತಿದ್ದವು. ಮೂವತ್ತೆಂಟು ನೀಲಿಯಾಗಿಯೇ ಇದ್ದವು. ಹೊಳೆಯುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರು. ಇನ್ನೊಬ್ಬರು ಜಲಜಮ್ಮ. ಪಿ-ಒಂಬತ್ತು ಗೆದ್ದಿತು ಎಂದುಕೊಂಡಳು ಪ್ರಫುಲ್ಲಾ. ಅತ್ತೆಯ ಕಾಲನ್ನು ಉಳಿಸಿದ್ದು ನಾನು ಎಂದು ಮನೆಗೆ ಹೋಗಿ ಹೇಗೆ ಹೇಳುವುದು, ಹೇಳದ ಹಾಗೆ ಹೇಳುವುದು ಹೇಗೆ ಎಂಬುದನ್ನೆಲ್ಲ ಯೋಚಿಸಿಬಿಟ್ಟಳು. ನಿರ್ದೇಶಕರಾದ ಡಾಕ್ಟರ್ ಕುಡ್ವರು ಗುಟ್ಟಿನ ಪಟ್ಟಿ ತೆರೆದರು. ಇಬ್ಬರೂ ತಿಂದದ್ದು ಹನ್ನೆರಡನೇ ಪೆಟ್ಟಿಗೆಯ ಚಾಕಲೇಟು. ಪಿ-ಒಂಬತ್ತು ತಿಂದವರ ಪಾದಗಳು ಮೊದಲಿಗಿಂತ ಒಂದು ಪಾಲು ಹೆಚ್ಚೇ ನೀಲಿಯಾಗಿದ್ದವು.

ಹನ್ನೆರಡನೇ ಪೆಟ್ಟಿಗೆ ಗುಲಾಬಿಯದು. ಫರಂಗಿಪೇಟೆಯಿಂದ ಬಸ್ಸಿನಲ್ಲಿ ಬರುವ ನಲವತ್ತರ ಹೆಂಗಸು, ಆರು ವರ್ಷಗಳಿಂದ ಶೆಡ್ಡಿನಲ್ಲಿ ಕೆಲಸ. ಅಷ್ಟು ವರ್ಷದಲ್ಲಿ ಪ್ರಫುಲ್ಲಾ ಅವಳೊಡನೆ ಆಡಿದ್ದು ಹೆಚ್ಚೆಂದರೆ ಹತ್ತು ಮಾತು. ಈಗ ಅವಳ ಅಂಗೈ, ಬೆರಳ ಸಂದಿ, ಉಗುರಿನ ಅಡಿ ಎಲ್ಲವನ್ನೂ ಹತ್ತಿಯಿಂದ ಒರೆಸಿ ಪರೀಕ್ಷೆಗೆ ಹಾಕಬೇಕಾಯಿತು. ಹದಿನೇಳು ಬಗೆಯ ಸೂಕ್ಷ್ಮಜೀವಿಗಳು ಸಿಕ್ಕವು. ಒಂದೊಂದನ್ನೇ ಬೆಳೆಸಿದರೆ ಯಾವುದಕ್ಕೂ ಆ ವಿದ್ಯೆ ಬಾರದು. ಒಟ್ಟಿಗೆ ತಟ್ಟೆಗೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದು ಎರಡೇ ದಿನಕ್ಕೆ ಎಲ್ಲವೂ ಸತ್ತುಹೋಗುತ್ತಿದ್ದವು. ಗುಲಾಬಿಯ ಚರ್ಮದ ಮೇಲೆ ಮಾತ್ರ ಹದಿನೇಳೂ ಒಂದೇ ತಾಯಿಯ ಮಕ್ಕಳಂತೆ ಬಾಳುತ್ತಿದ್ದವು. ಮಗುಚುವಾಗ ಬೀಜಕ್ಕೆ ಇಳಿದು, ಆರು ದಿನ ದುಡಿದು, ಕಹಿಯನ್ನು ಮದ್ದು ಮಾಡಿ ಕೊಡುತ್ತಿದ್ದವು. ಬೀಜ ಹುರಿದ ಮೇಲೆ ಅವು ಸಾಯುತ್ತವೆ, ಮದ್ದು ಉಳಿಯುತ್ತದೆ. ಇದನ್ನು ಕಂಡುಹಿಡಿದದ್ದು ಪ್ರಫುಲ್ಲಾಳೇ. ಕಂಡುಹಿಡಿದ ಮೇಲೆ ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಆ ಹದಿನೇಳರ ಗುಂಪಿಗೆ ‘ಗುಲಾಬಿ’ ಎಂದೇ ಹೆಸರಿಡೋಣ ಎಂದು ಕುಡ್ವರು ಉತ್ಸಾಹದಿಂದ ಹೇಳಿದರು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಮರುದಿನ ಅಚ್ಚಾದ ಚಿತ್ರದಲ್ಲಿ ಗುಲಾಬಿ ನಡುವೆ ನಿಂತು ಎರಡು ಅಂಗೈ ಮುಂದೆ ಚಾಚಿದ್ದಳು. ಅಂಚಿನಲ್ಲಿ ಒಂದು ಹೆಗಲು, ಅರ್ಧ ಕಿವಿ ಕಾಣುತ್ತಿತ್ತು. ಅವು ಪ್ರಫುಲ್ಲಾಳವು.

ಮನೆಯಲ್ಲಿ ಜಲಜಮ್ಮ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆ ಹೆಂಗಸನ್ನು ಒಮ್ಮೆ ಕರೆದುಕೊಂಡು ಬಾ ಎಂದರು. ಪ್ರಫುಲ್ಲಾ ಕೆಲಸದ ನೆಪ ಹೇಳಿ ಎರಡು ವಾರ ತಳ್ಳಿದಳು. ಜಲಜಮ್ಮ ಸೀದಾ ಕೇಂದ್ರಕ್ಕೇ ಫೋನು ಮಾಡಿದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಗುಲಾಬಿಯೇ ಚಾಕಲೇಟು ತಂದುಕೊಡುವುದು ಅಭ್ಯಾಸವಾಯಿತು. ಅವಳು ಬಂದರೆ ಜಲಜಮ್ಮ ಹಾಸಿಗೆಯಿಂದ ಎದ್ದು, ಗೋಡೆ ಹಿಡಿಯದೆ ಹಜಾರದವರೆಗೆ ನಡೆದು ತೋರಿಸುತ್ತಿದ್ದರು. ‘ಮಗಾ’ ಎಂದು ಕರೆಯುತ್ತಿದ್ದರು. ಅತ್ತೆ ತನ್ನನ್ನು ಒಮ್ಮೆಯಾದರೂ ಮಗಾ ಅಂದದ್ದುಂಟೇ ಎಂದು ಪ್ರಫುಲ್ಲಾ ನೆನಪು ಕೆದಕಿದಳು. ಹೆರಿಗೆಯಲ್ಲಿ ಮಗು ಉಳಿಯದೆ ಹೋದಾಗಲೂ ಹೆಸರು ಹಿಡಿದೇ ಕರೆದಿದ್ದರು.

ಏಪ್ರಿಲ್ ತಿಂಗಳ ಒಂದು ಶನಿವಾರ ಅವಳು ಮನೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ದೊಡ್ಡ ಭರಣಿ ಇತ್ತು. ಗುಲಾಬಿ ಚಕ್ಕಳಮಕ್ಕಳ ಹಾಕಿ ಕೂತು, ಅರೆದ ಮೆಣಸು ಸಾಸಿವೆಗೆ ಮಾವಿನಮಿಡಿ ಹಾಕಿ ಕೈಯಿಂದ ಕಲಸುತ್ತಿದ್ದಳು. ಜಲಜಮ್ಮ ಮಣೆಯ ಮೇಲೆ ಕೂತು ಉಪ್ಪು ಹೇಳುತ್ತಿದ್ದರು. ಸೊಸೆಯನ್ನು ಕಂಡು ಸಂತೋಷದಿಂದಲೇ ಹೇಳಿದರು: “ಈ ವರ್ಷದ್ದು ಕೆಡ್ಲಿಕ್ಕಿಲ್ಲ ನೋಡು ಪ್ರಫುಲ್ಲಾ. ಕೈಗುಣ ಅಂದ್ರೆ ಇದು. ನೀನು ನಂಬ್ತಿರ್ಲಿಲ್ಲ, ಈಗ ನಿನ್ನ ಮಿಶನ್ನೇ ಹೇಳಿತಲ್ಲ.”

ಮಾತಿನಲ್ಲಿ ವಿಷ ಇರಲಿಲ್ಲ. ಪ್ರಫುಲ್ಲಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನ ಕೈಗಳನ್ನು ನೋಡಿಕೊಂಡಳು. ಇಪ್ಪತ್ತೈದು ವರ್ಷ ಸ್ಪಿರಿಟ್ಟಿನಲ್ಲಿ ತೊಳೆದು ತೊಳೆದು ಶುದ್ಧವಾದ ಕೈಗಳು. ಒಂದು ಜೀವಿಯೂ ಅವುಗಳ ಮೇಲೆ ನೆಲೆ ನಿಲ್ಲುತ್ತಿರಲಿಲ್ಲ. ಅವಳಿಗೆ ಅಳು ಬಂತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಆ ಬೆಂಕಿಗೆ ವಿಜ್ಞಾನದ ಹೆಸರಿಡುವುದು ಅವಳಿಗೆ ಕಷ್ಟವಾಗಲಿಲ್ಲ.

ಸೋಮವಾರ ಶೆಡ್ಡಿನ ಹಲಗೆಗೆ ಒಂದು ಚೀಟಿ ಅಂಟಿತು. ಹನ್ನೆರಡನೇ ಪೆಟ್ಟಿಗೆ ಮಗುಚುವವರು ಕೈಗೆ ಸ್ಪಿರಿಟ್ ಹಚ್ಚಿ, ರಬ್ಬರ್ ಗ್ಲೌಸ್ ತೊಟ್ಟೇ ಮಗುಚಬೇಕು. ಅಮೂಲ್ಯ ಪೆಟ್ಟಿಗೆಗೆ ಹೊರಗಿನ ಸೋಂಕು ತಗಲಬಾರದು ಎಂಬ ಕಾರಣ ಕೊಟ್ಟಿದ್ದಳು. ತನಗೆ ತಾನು ಕೊಟ್ಟುಕೊಂಡ ಕಾರಣ ಬೇರೆ. ಗುಣ ಪೆಟ್ಟಿಗೆಯ ಮರದಲ್ಲಿ ಇರಬಾರದೇಕೆ? ಗ್ಲೌಸ್ ಹಾಕಿಯೂ ಮದ್ದು ಬಂದರೆ ಕೈಯ ಮಾತೇ ಮುಗಿಯಿತು. ಪರೀಕ್ಷೆ ಮಾಡಿಯೇ ನೋಡಬೇಕಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನ್ಯಾಯವಾಗಿ ಕೇಳುವವರು ಅದಕ್ಕೆ ಬೇರೆ ಪೆಟ್ಟಿಗೆ ಇಡುತ್ತಾರೆ, ರೋಗಿಗಳಿಗೆ ಹಳೆಯ ಚಾಕಲೇಟನ್ನೇ ಮುಂದುವರಿಸುತ್ತಾರೆ, ನಿರ್ದೇಶಕರಿಗೆ ತಿಳಿಸುತ್ತಾರೆ. ಪ್ರಫುಲ್ಲಾ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಹಳೆಯ ಚಾಕಲೇಟಿನಲ್ಲಿ ಉಳಿದದ್ದನ್ನೆಲ್ಲ ವಿಶ್ಲೇಷಣೆಗೆಂದು ಪುಡಿ ಮಾಡಿಯಾಗಿತ್ತು.

ಗುಲಾಬಿ ಚೀಟಿಯನ್ನು ಓದಿದಳು, ಗ್ಲೌಸ್ ತೊಟ್ಟಳು. ಮನೆಯಲ್ಲಿ ಶನಿವಾರಗಳು ಹಾಗೆಯೇ ನಡೆದವು. ಗುಲಾಬಿ ಬರುವುದು, ಜಲಜಮ್ಮ ನಡೆದು ತೋರಿಸುವುದು, ಉಪ್ಪಿನಕಾಯಿಯ ಭರಣಿಯ ಬಟ್ಟೆ ಬಿಚ್ಚಿ ಮೂಸುವುದು. ಪ್ರಫುಲ್ಲಾ ಕಾಫಿ ಮಾಡಿಕೊಡುತ್ತಿದ್ದಳು.

ಮೇ ಕೊನೆಯಲ್ಲಿ ಗೋಡೆಯ ಮೇಲಿನ ಎರಡು ಜೊತೆ ಪಾದಗಳು ಕಿತ್ತಳೆಯಿಂದ ಹಳದಿಗೆ ಇಳಿದವು. ಒಂದು ವಾರಕ್ಕೆ ಹಸಿರು. ಪ್ರಫುಲ್ಲಾ ಅದನ್ನು ಮೊದಲ ದಿನವೇ ಕಂಡಳು. ಕಂಡೆ ಎಂದರೆ ಗುಣ ಮರದಲ್ಲಿಲ್ಲ, ಕೈಯಲ್ಲಿದೆ ಎಂದು ಒಪ್ಪಬೇಕು. ಒಪ್ಪಿದರೆ ಚೀಟಿಯನ್ನು ಕಿತ್ತು ಗುಲಾಬಿಯೆದುರು ನಿಂತು ಅದರ ಕಾರಣ ಹೇಳಬೇಕು. ಇನ್ನೊಂದು ವಾರದ ಅಂಕಿಅಂಶ ಬರಲಿ ಎಂದುಕೊಂಡಳು. ಕುಡ್ವರು ದೆಹಲಿಯಲ್ಲಿ ಸಮ್ಮೇಳನಕ್ಕೆ ಹೋಗಿದ್ದರು. ಕೇಳುವವರಿರಲಿಲ್ಲ. ಒಂದು ವಾರ ಹತ್ತು ದಿನವಾಯಿತು.

ಜಲಜಮ್ಮ ಬಾತ್‌ರೂಮಿನ ಹೊಸ್ತಿಲಿಗೆ ಹೆಬ್ಬೆರಳು ತಾಗಿಸಿಕೊಂಡರು. ಚಿಕ್ಕ ಗಾಯ. ಚೆನ್ನಾಗಿ ರಕ್ತ ಓಡುವ ಕಾಲಿನಲ್ಲಿ ನಾಲ್ಕು ದಿನಕ್ಕೆ ಒಣಗುವಂಥದ್ದು. ಆರನೇ ದಿನ ಅದು ಕಪ್ಪಾಗಿ, ಪಾದ ಊದಿತು. ಗೋಡೆಯ ಮೇಲೆ ಎಡಪಾದ ಕಡುನೀಲಿ. ಆಸ್ಪತ್ರೆಯಲ್ಲಿ ಡಾಕ್ಟರು ಎರಡು ವಾರ ಕಾಯಬಹುದು, ಅದಕ್ಕಿಂತ ಹೆಚ್ಚು ಕಾದರೆ ಜೀವಕ್ಕೇ ಅಪಾಯ ಎಂದರು. ಅಷ್ಟು ದಿನ ಆ ಚಾಕಲೇಟು ಕೆಲಸ ಮಾಡಿತ್ತಲ್ಲ, ಈಗ ಯಾಕೆ ಮಾಡುತ್ತಿಲ್ಲ ಎಂದು ಅವರು ಪ್ರಫುಲ್ಲಾಳನ್ನೇ ಕೇಳಿದರು. ನೋಡುತ್ತೇನೆ ಎಂದಳು.

ಅವಳು ಆಸ್ಪತ್ರೆಯಿಂದ ನೇರ ಫರಂಗಿಪೇಟೆಗೆ ಹೋದಳು. ಗುಲಾಬಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಮೇಡಂ ಮನೆಗೆ ಬಂದದ್ದು ಕಂಡು ಗಾಬರಿಯಾಗಿ ಕುರ್ಚಿ ತಂದಿಟ್ಟಳು. ಪ್ರಫುಲ್ಲಾ ಕೂರಲಿಲ್ಲ. ಕೈ ತೋರಿಸು ಎಂದಳು. ಗುಲಾಬಿಯ ಅಂಗೈಗಳು ಸ್ಪಿರಿಟ್ಟಿಗೆ ಒಣಗಿ, ಬೆರಳ ಸಂದಿಗಳಲ್ಲಿ ಸೀಳಿದ್ದವು. ಪ್ರಫುಲ್ಲಾ ಚೀಲದಿಂದ ಹತ್ತಿ ತೆಗೆದು ಅಲ್ಲೇ ಒರೆಸಿಕೊಂಡಳು. ನಾಳೆಯಿಂದ ಗ್ಲೌಸ್ ಬೇಡ, ಸ್ಪಿರಿಟ್ಟೂ ಬೇಡ ಎಂದು ಹೇಳಿ, ಅತ್ತೆಯ ಕಾಲಿನ ಸಂಗತಿ ತಿಳಿಸಿದಳು. ತಪ್ಪಾಯಿತು ಎಂದಳೋ ಇಲ್ಲವೋ ಆಮೇಲೆ ಅವಳಿಗೇ ನೆನಪಿರಲಿಲ್ಲ.

ಗುಲಾಬಿ ಉಳಿದ ಬಟ್ಟೆಗಳನ್ನೂ ಹಗ್ಗಕ್ಕೆ ಹರವಿದಳು. ಕೊನೆಗೆ ಹೇಳಿದಳು: “ನಂಗೆ ಗೊತ್ತಿತ್ತು ಮೇಡಂ. ಗ್ಲೌಸ್ ಹತ್ತೊಂಬತ್ತು ಜನರಲ್ಲಿ ನಂಗೊಬ್ಬಳಿಗೇ ಇತ್ತಲ್ಲ. ನಿಮ್ಗೆ ನನ್ನ ಮೇಲೆ ಎಂತದೋ ಉಂಟು ಅಂತ ಅಂದ್ಕೊಂಡೆ. ಆದ್ರೆ ಅದು ಅಮ್ಮನ ಕಾಲಿಗೆ ಹೋಗಿ ಮುಟ್ತದೆ ಅಂತ ಗೊತ್ತಿದ್ರೆ ನಾನು ಅದನ್ನು ಕೈಗೆ ಹಾಕ್ತಿರ್ಲಿಲ್ಲ. ಕೆಲಸ ಹೋದ್ರೂ ಹಾಕ್ತಿರ್ಲಿಲ್ಲ.”

ಹತ್ತಿಯ ಮೇಲೆ ಹದಿನೇಳರಲ್ಲಿ ಐದು ಬಗೆ ಮಾತ್ರ ಉಳಿದಿದ್ದವು. ಕಾಣೆಯಾದ ಹನ್ನೆರಡು ತಾವಾಗಿ ಮರಳಿ ಬಂದು ನೆಲೆಸಲು ನಾಲ್ಕು ವಾರ ಬೇಕು ಎಂದು ಅಂದಾಜು ಹೇಳುತ್ತಿತ್ತು. ಗುಲಾಬಿ ಸೋಪು ಮುಟ್ಟುವುದನ್ನೇ ಬಿಟ್ಟಳು. ಮೊದಲಿನ ಹಾಗೆ ಹುಳಿ ಬೀಜದಲ್ಲಿ ಕೈಯಾಡಿಸುತ್ತಾ ದಿನವಿಡೀ ಶೆಡ್ಡಿನಲ್ಲೇ ಕೂತಳು. ಪ್ರಫುಲ್ಲಾ ಎರಡು ದಿನಕ್ಕೊಮ್ಮೆ ಒರೆಸಿ ಎಣಿಸುತ್ತಿದ್ದಳು. ಐದು ಏಳಾಯಿತು. ಏಳು ಎಂಟಾಯಿತು. ಎಂಟರಲ್ಲೇ ಇದ್ದಾಗ ಎರಡು ವಾರ ಮುಗಿಯಿತು.

ಜಲಜಮ್ಮನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಂಡಕ್ಟರರಿಗೆ ಗಾಯವಾಗಿರಲಿಲ್ಲ, ಅವರ ಪಾದ ಆಮೇಲೆ ಹೊಸ ಚಾಕಲೇಟಿನಿಂದ ಮತ್ತೆ ಬೆಚ್ಚಗಾಯಿತು. ದೆಹಲಿಯಿಂದ ಬಂದ ಕುಡ್ವರಿಗೆ ಪ್ರಫುಲ್ಲಾ ಪ್ರಯೋಗದ ನಡುವೆ ಕೈ ಶುದ್ಧೀಕರಣದಿಂದ ವ್ಯತ್ಯಯ ಉಂಟಾಯಿತು ಎಂದು ಬರೆದುಕೊಟ್ಟಳು. ಪಾಪ, ನಿನ್ನ ಅತ್ತೆಗೇ ಹೀಗಾಗಬೇಕೆ ಎಂದು ಅವರು ಮರುಗಿದರು. ಹಡಗಿನಿಂದ ಫೋನು ಮಾಡಿದ ಶಶಿಧರ, ನೀನಿರುವುದರಿಂದ ನಾನು ನಿಶ್ಚಿಂತೆ ಎಂದ.

ಅವಳು ರಜೆ ಹಾಕಿ ಆಸ್ಪತ್ರೆಯಲ್ಲೇ ಉಳಿದಳು. ಮೈ ಒರೆಸುವುದು, ಗಾಯದ ಕಟ್ಟು ಬದಲಿಸುವಾಗ ಹಿಡಿದುಕೊಳ್ಳುವುದು, ಗಂಜಿ ಕುಡಿಸುವುದು ಎಲ್ಲವನ್ನೂ ತಾನೇ ಮಾಡಿದಳು. ದಾದಿಯನ್ನೂ ಹತ್ತಿರ ಬಿಡಲಿಲ್ಲ. ಗಾಯ ಎಲ್ಲರೂ ಹೇಳಿದ್ದಕ್ಕಿಂತ ಬೇಗ ಮಾಯತೊಡಗಿತು.

ಕಾಲು ತೆಗೆದ ಐದನೇ ವಾರದ ಒಂದು ಮಧ್ಯಾಹ್ನ ಗುಲಾಬಿ ಬಂದಳು. ಹದಿನೇಳೂ ಮರಳಿದ ಕೈಯಿಂದ ಮಗುಚಿದ ಮೊದಲ ಚಾಕಲೇಟು ತಂದಿದ್ದಳು. ಬಲಗಾಲಾದರೂ ಉಳಿಯಲಿ ಎಂದು. ಜಲಜಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅದು ಕರಗುವವರೆಗೆ ಕಣ್ಣು ಮುಚ್ಚಿದ್ದರು. ಆಮೇಲೆ ಪ್ರಫುಲ್ಲಾಳ ಕೈಯನ್ನು ಹುಡುಕಿ ಹಿಡಿದುಕೊಂಡು ಗುಲಾಬಿಗೆ ಹೇಳಿದರು: “ಡಾಕ್ಟರೇ ಹೇಳಿದ್ರು ಮಗಾ, ಗಾಯ ಇಷ್ಟು ಬೇಗ ಮಾಯ್ಲಿಕ್ಕೆ ಇವಳ ಆರೈಕೆಯೇ ಕಾರಣ ಅಂತ. ನಾನು ಇಷ್ಟು ವರ್ಷ ತಪ್ಪು ತಿಳ್ಕೊಂಡಿದ್ದೆ. ಇವಳ ಕೈಗುಣ ಒಳ್ಳೇದುಂಟು.”

ಇಪ್ಪತ್ತಾರು ವರ್ಷ ಕಾದ ಮಾತು. ಪ್ರಫುಲ್ಲಾ ತಲೆ ತಗ್ಗಿಸಿದಳು. ಗುಲಾಬಿ ಈಗ ಹೇಳುತ್ತಾಳೆ, ಹೇಳಲಿ ಎಂದು ಕಾದಳು. ಹೇಳಿಬಿಟ್ಟರೆ ಅವಳನ್ನು ದ್ವೇಷಿಸಲು ಸರಿಯಾದ ಒಂದು ಕಾರಣವಾದರೂ ಸಿಗುತ್ತಿತ್ತು.

ಗುಲಾಬಿ ಹೊದಿಕೆಯ ಮಡಿಕೆ ಸರಿಮಾಡುತ್ತಾ ಹೇಳಿದಳು: “ಹೌದಮ್ಮ. ಮೇಡಂ ಇದ್ದದ್ದಕ್ಕೆ ನೀವು ಹುಷಾರಾದ್ರಿ.”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಇರಲಿಲ್ಲ. ಅದನ್ನು ಕಂಡು, ಆ ಗಳಿಗೆಯಲ್ಲೂ, ಪ್ರಫುಲ್ಲಾಳಿಗೆ ಆದದ್ದು ಹೊಟ್ಟೆಕಿಚ್ಚೇ. ಕೈಯೂ ಇವಳದ್ದೇ, ಈಗ ಮನಸ್ಸೂ ಇವಳದ್ದೇ ದೊಡ್ಡದು. ಕ್ಷಮಿಸುವುದರಲ್ಲೂ ಇವಳೇ ಮುಂದೆ ಹೋಗಿ ನಿಂತಳಲ್ಲ, ನನಗೆ ಇನ್ನೇನು ಉಳಿಯಿತು ಎಂದುಕೊಂಡಳು. ಆ ದೊಡ್ಡತನವನ್ನೂ ಇವಳಿಗೆ ಬಿಟ್ಟುಕೊಡಲು ಅವಳಿಂದಾಗಲಿಲ್ಲ.

“ಅತ್ತೆ,” ಎಂದಳು, “ಗುಲಾಬಿ ಸುಳ್ಳು ಹೇಳ್ತಿದ್ದಾಳೆ. ನಿಮ್ಮ ಕಾಲು ಹೋದದ್ದು ನನ್ನಿಂದ. ಇವಳ ಕೈಗೆ ಗ್ಲೌಸ್ ಹಾಕಿಸಿದ್ದು ನಾನು. ಬೇಕಂತಲೇ ಹಾಕಿಸಿದ್ದು. ಕಾಲು ತಣ್ಣಗಾಗ್ತಾ ಬಂದದ್ದು ನನಗೆ ಕಾಣ್ತಿತ್ತು. ಹತ್ತು ದಿನ ನೋಡಿಯೂ ಸುಮ್ಮನಿದ್ದೆ.”

ಕಾರಿಡಾರಿನಲ್ಲಿ ಯಾರದೋ ಗಾಲಿ ಮಂಚ ಸದ್ದು ಮಾಡುತ್ತಾ ಹೋಯಿತು. ಸೊಸೆಯ ಕೈಯನ್ನು ಜಲಜಮ್ಮ ಬಿಡಲಿಲ್ಲ; ಅವರ ಹಿಡಿತ ಮಾತ್ರ ಉಗುರು ನಾಟುವಷ್ಟು ಬಿಗಿಯಾಯಿತು. ಆ ಹಿಡಿತ ಸಡಿಲಿಸದೆಯೇ ಗುಲಾಬಿಯ ಕಡೆ ತಿರುಗಿದರು.

“ನೀನು ಸ್ವಲ್ಪ ಹೊರಗೆ ಕೂತ್ಕೊ ಮಗಾ,” ಎಂದರು. “ಇದು ನಮ್ಮ ಮನೆ ಮಾತು.”

ಗುಲಾಬಿ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.